ಕೇಳಿದವನ ಕಡೆಗೇ ತಿರುಗುವ ಉತ್ತರ: ಅದ್ವೈತದ ಋಷಿಗಳು ಬೋಧಿಸಿದ ಬಗೆ

ಅದ್ವೈತ ವೇದಾಂತವನ್ನು ಪರಿಚಯಿಸುವಾಗ ಸಾಮಾನ್ಯವಾಗಿ ಮೂರು ಮಾತುಗಳನ್ನು ಮುಂದಿಡುತ್ತಾರೆ: ಬ್ರಹ್ಮವೊಂದೇ ಸತ್ಯ, ಜಗತ್ತು ಮಿಥ್ಯೆ, ಜೀವನು ಬ್ರಹ್ಮಕ್ಕಿಂತ ಬೇರೆಯಲ್ಲ. ಮಾತುಗಳಲ್ಲಿ ತಪ್ಪಿಲ್ಲ. ಆದರೆ ಅವನ್ನು ಸಂದರ್ಭದಿಂದ ಕಿತ್ತು ಸಿದ್ಧಾಂತದ ತೀರ್ಮಾನಗಳಂತೆ ಓದಿದವರಿಗೆ ಮೂರರಲ್ಲಿ ಒಂದೂ ಒಪ್ಪುವಂತೆ ಕಾಣುವುದಿಲ್ಲ. ಕಣ್ಣೆದುರಿಗಿರುವ ಜಗತ್ತನ್ನು ಅಲ್ಲಗಳೆಯುವುದು ಹೇಗೆ, ಹಸಿವು ನಿದ್ರೆಗಳಿಗೆ ಸಿಕ್ಕಿದ ನಾನು ಬ್ರಹ್ಮವಾಗುವುದು ಹೇಗೆ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಉಪನಿಷತ್ತುಗಳ ಋಷಿಗಳಿಂದ ಶಂಕರರವರೆಗೆ, ಅಲ್ಲಿಂದ ಕಳೆದ ಶತಮಾನದ ರಮಣ ಮಹರ್ಷಿಗಳವರೆಗೆ, ಈ ಪರಂಪರೆಯ ಗುರುಗಳು ಇಂಥ ಮಾತುಗಳನ್ನು ಆಡಿದ್ದು ಎದುರಿಗೆ ಕುಳಿತ ಒಬ್ಬನ ಪ್ರಶ್ನೆಗೆ ಉತ್ತರವಾಗಿ. ಅದೂ ಬಹಳ ಸಲ ಆ ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸುವುದಕ್ಕಾಗಿ. ಆ ತಿರುವನ್ನು ಗಮನದಲ್ಲಿಟ್ಟುಕೊಂಡರೆ ಅದ್ವೈತದ ಎಷ್ಟೋ ಕಗ್ಗಂಟುಗಳು ಸಡಿಲವಾಗುತ್ತವೆ ಎಂಬುದು ನನ್ನ ಎಣಿಕೆ.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯವನ್ನು ಮೊದಲು ನೋಡಬಹುದು. ಉದ್ದಾಲಕ ಆರುಣಿಯ ಮಗ ಶ್ವೇತಕೇತು ಹನ್ನೆರಡನೆಯ ವಯಸ್ಸಿಗೆ ಗುರುಕುಲಕ್ಕೆ ಹೋಗಿ, ವೇದಗಳನ್ನೆಲ್ಲ ಕಲಿತು, ಇಪ್ಪತ್ತನಾಲ್ಕಕ್ಕೆ ಮನೆಗೆ ಮರಳುತ್ತಾನೆ. ವಿದ್ಯೆಯ ಜೊತೆಗೆ ಬಿಗುಮಾನವೂ ಬಂದಿರುತ್ತದೆ. ಅದನ್ನು ಗಮನಿಸಿದ ತಂದೆ, ಯಾವುದನ್ನು ತಿಳಿದರೆ ಕೇಳದಿದ್ದದ್ದೂ ಕೇಳಿದಂತೆ, ಅರಿಯದಿದ್ದದ್ದೂ ಅರಿತಂತೆ ಆಗುವುದೋ ಅದನ್ನು ನಿನ್ನ ಗುರುಗಳ ಬಳಿ ಕೇಳಿದೆಯಾ ಎನ್ನುತ್ತಾನೆ. ಮಗನಿಗೆ ಅಂಥ ಒಂದು ಉಪದೇಶ ಇರಬಹುದೆಂಬುದೇ ಗೊತ್ತಿಲ್ಲ. ಆಗ ಉದ್ದಾಲಕ ಮಣ್ಣಿನ ದೃಷ್ಟಾಂತ ಕೊಡುತ್ತಾನೆ: ಒಂದು ಮುದ್ದೆ ಮಣ್ಣನ್ನು ಅರಿತರೆ ಮಣ್ಣಿನಿಂದಾದ ಎಲ್ಲವನ್ನೂ ಅರಿತಂತೆ, ಮಡಕೆ, ಕುಡಿಕೆ ಎಂಬುವು ಮಾತು ಹಿಡಿದು ನಿಂತ ಹೆಸರುಗಳು, ಇರುವುದು ಮಣ್ಣೇ. ಹಾಗೆಯೇ ಜಗತ್ತು ಹುಟ್ಟುವುದಕ್ಕೆ ಮೊದಲು ಎರಡಿಲ್ಲದ ಒಂದೇ 'ಸತ್' ಇತ್ತು, ಈಗ ಕಾಣುವುದೆಲ್ಲ ಅದರ ಮೇಲಿನ ನಾಮರೂಪ ಎಂದು ಮುಂದುವರಿಯುತ್ತಾನೆ.

ಇಷ್ಟೇ ಆಗಿದ್ದರೆ ಅದು ಜಗತ್ತಿನ ಮೂಲವನ್ನು ಕುರಿತ ಒಂದು ಊಹೆಯಾಗಿ ಉಳಿಯುತ್ತಿತ್ತು. ಉದ್ದಾಲಕ ಅಲ್ಲಿ ನಿಲ್ಲುವುದಿಲ್ಲ. ರಾತ್ರಿ ನೀರಿಗೆ ಉಪ್ಪು ಹಾಕಿಡಲು ಮಗನಿಗೆ ಹೇಳಿ, ಬೆಳಗ್ಗೆ ಆ ಉಪ್ಪನ್ನು ತಾ ಎನ್ನುತ್ತಾನೆ. ಶ್ವೇತಕೇತು ಕೈಯಾಡಿಸಿ ಹುಡುಕಿದರೂ ಸಿಗುವುದಿಲ್ಲ. ಮೇಲಿನಿಂದ ಕುಡಿದು ನೋಡು, ನಡುವಿನಿಂದ, ತಳದಿಂದ ಕುಡಿದು ನೋಡು ಎಂದಾಗ ಎಲ್ಲೆಡೆಯೂ ಉಪ್ಪೇ. ಆ ಸತ್ ಕೂಡ ಇಲ್ಲೇ ಇದೆ, ನೀನು ಕಾಣುತ್ತಿಲ್ಲ ಅಷ್ಟೆ ಎಂದ ತಂದೆ ಕೊನೆಗೆ ಹೇಳುವ ಮಾತು 'ತತ್ತ್ವಮಸಿ', ಅದು ನೀನೇ. ಈ ಅಧ್ಯಾಯದಲ್ಲಿ ಆ ಮಾತು ಒಂಬತ್ತು ಸಲ ಬರುತ್ತದೆ, ಪ್ರತಿ ಸಲವೂ ಬೇರೊಂದು ದೃಷ್ಟಾಂತದ ಕೊನೆಗೆ. ಮಗ ಇನ್ನೊಮ್ಮೆ ತಿಳಿಸಿಕೊಡಿ ಎಂದು ಮತ್ತೆ ಮತ್ತೆ ಕೇಳುತ್ತಾನೆ, ತಂದೆ ಬೇಸರವಿಲ್ಲದೆ ಮತ್ತೆ ಹೇಳುತ್ತಾನೆ. ದೃಷ್ಟಾಂತಗಳು ಬದಲಾದರೂ ಮಾತು ನಿಲ್ಲುವ ಜಾಗ ಬದಲಾಗುವುದಿಲ್ಲ ಎಂಬುದು ಗಮನಾರ್ಹ. ಜಗತ್ತಿನ ಮೂಲ ಯಾವುದು ಎಂದು ತೊಡಗಿದ ವಿಚಾರಣೆ ವಿಚಾರಿಸುವವನಲ್ಲೇ ಬಂದು ಮುಟ್ಟುತ್ತದೆ.

ಬೃಹದಾರಣ್ಯಕದ ಯಾಜ್ಞವಲ್ಕ್ಯನಲ್ಲಿ ಈ ತಿರುವು ಇನ್ನೂ ಮೊನಚಾಗಿದೆ. ವಿದೇಹದ ಜನಕರಾಜನ ಯಜ್ಞದಲ್ಲಿ, ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಅತ್ಯುತ್ತಮ ಬ್ರಹ್ಮಜ್ಞಾನಿಗೆಂದು ಇಟ್ಟಿದ್ದಾಗ, ಚರ್ಚೆ ಶುರುವಾಗುವ ಮೊದಲೇ ಅವನ್ನು ಹೊಡೆದುಕೊಂಡು ಹೋಗುವಂತೆ ಶಿಷ್ಯನಿಗೆ ಹೇಳಿದವನು ಅವನು. ಸಭೆಯಲ್ಲಿದ್ದ ಉಷಸ್ತ ಚಾಕ್ರಾಯಣ ಎದ್ದು, ಸಾಕ್ಷಾತ್ತಾಗಿ ಇರುವ, ಎಲ್ಲದರ ಒಳಗಿರುವ ಆತ್ಮ ಯಾವುದು, ಅದನ್ನು ವಿವರಿಸು ಎನ್ನುತ್ತಾನೆ. ಉಸಿರಾಡಿಸುವವನೇ ನಿನ್ನ ಆತ್ಮ ಎಂಬ ಉತ್ತರ ಬರುತ್ತದೆ. ಉಷಸ್ತನಿಗೆ ತೃಪ್ತಿಯಿಲ್ಲ. ಇದು ಹಸು, ಇದು ಕುದುರೆ ಎಂದು ಯಾರೋ ಬಾಯಿಮಾತಿನಲ್ಲಿ ಹೇಳಿದ ಹಾಗಾಯಿತು, ನೇರವಾಗಿ ತೋರಿಸು ಎಂದು ಪಟ್ಟು ಹಿಡಿಯುತ್ತಾನೆ. ಯಾಜ್ಞವಲ್ಕ್ಯನ ಉತ್ತರ ಸಂಕ್ಷಿಪ್ತ: ನೋಟವನ್ನು ನೋಡುವವನನ್ನು ನೀನು ನೋಡಲಾರೆ, ಕೇಳ್ಮೆಯನ್ನು ಕೇಳುವವನನ್ನು ಕೇಳಲಾರೆ, ಅರಿವನ್ನು ಅರಿಯುವವನನ್ನು ಅರಿಯಲಾರೆ; ಅವನೇ ನಿನ್ನ ಆತ್ಮ. ಉಷಸ್ತ ಸುಮ್ಮನಾದ ಎಂದು ಉಪನಿಷತ್ತು ಮುಗಿಸುತ್ತದೆ.

ಇಲ್ಲಿ ಯಾಜ್ಞವಲ್ಕ್ಯ ಜಾರಿಕೊಂಡನೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಅವನು ಪ್ರಶ್ನೆಯೊಳಗಿದ್ದ ದೋಷವನ್ನು ತೋರಿಸಿದ್ದಾನೆ. ತೋರಿಸು ಎಂದವನು ಆತ್ಮವನ್ನು ಎದುರಿಗಿಡಬಹುದಾದ ವಸ್ತುಗಳ ಸಾಲಿಗೆ ಸೇರಿಸಿಕೊಂಡಿದ್ದಾನೆ; ಹಾಗೆ ಎದುರಿಗಿಟ್ಟದ್ದು ಏನೇ ಆಗಿರಲಿ, ಅದನ್ನು ಕಾಣುವವನು ಅದರಿಂದ ಹೊರಗೇ ಉಳಿಯುತ್ತಾನೆ. ಇದೇ ಉಪನಿಷತ್ತಿನ 'ನೇತಿ ನೇತಿ' ಎಂಬ ಪ್ರಸಿದ್ಧ ನಿಷೇಧವನ್ನು ಈ ಬೆಳಕಿನಲ್ಲಿ ಓದಬೇಕು. ಇದಲ್ಲ, ಇದಲ್ಲ ಎಂದು ತಳ್ಳುತ್ತ ಹೋದರೆ ಕೊನೆಗೆ ಶೂನ್ಯವೇ ಉಳಿಯುತ್ತದೆಂಬ ಭಯಕ್ಕೆ ಕಾರಣವಿಲ್ಲ. ತಳ್ಳುವವನನ್ನು ತಳ್ಳಲು ಬರುವುದಿಲ್ಲ. ಶಂಕರರು, ಉಪನಿಷತ್ತುಗಳ ತಾತ್ಪರ್ಯವನ್ನು ಚಿಕ್ಕ ಸೂತ್ರಗಳಲ್ಲಿ ಹಿಡಿದಿಟ್ಟ ಬ್ರಹ್ಮಸೂತ್ರದ ಮೊದಲ ಸೂತ್ರಕ್ಕೆ ಬರೆದ ಭಾಷ್ಯದಲ್ಲಿ, ಈ ಮಾತನ್ನು ಬಹಳ ಸರಳವಾಗಿ ಹೇಳುತ್ತಾರೆ: ಎಲ್ಲರಿಗೂ ತಾನಿದ್ದೇನೆಂಬ ಅರಿವಿದೆ, ನಾನಿಲ್ಲ ಎಂದು ಯಾರೂ ತಿಳಿಯುವುದಿಲ್ಲ. ಹಾಗಾಗಿ ಆತ್ಮ ಗೊತ್ತೇ ಇಲ್ಲದ ವಸ್ತುವಲ್ಲ. ತಕರಾರು ಇರುವುದು ಅದು ಇಂಥದ್ದು ಎಂಬ ವಿಷಯದಲ್ಲಿ ಮಾತ್ರ: ದೇಹವೇ ಆತ್ಮ ಎನ್ನುವವರಿದ್ದಾರೆ, ಇಂದ್ರಿಯ ಎನ್ನುವವರಿದ್ದಾರೆ, ಮನಸ್ಸು ಎನ್ನುವವರಿದ್ದಾರೆ.

ಆ ತಕರಾರಿನ ಒಂದೊಂದು ಮೆಟ್ಟಿಲನ್ನೂ ಛಾಂದೋಗ್ಯದ ಎಂಟನೆಯ ಅಧ್ಯಾಯದ ಇಂದ್ರ ವಿರೋಚನರ ಕಥೆಯಲ್ಲಿ ಕಾಣಬಹುದು. ಇಬ್ಬರೂ ಪ್ರಜಾಪತಿಯ ಬಳಿ ಮೂವತ್ತೆರಡು ವರ್ಷ ಬ್ರಹ್ಮಚರ್ಯದಲ್ಲಿದ್ದು ಆತ್ಮದ ಬಗ್ಗೆ ಕೇಳುತ್ತಾರೆ. ನೀರಿನ ಬಟ್ಟಲಿನಲ್ಲಿ ಕಂಡ ತಮ್ಮ ಪ್ರತಿಬಿಂಬವನ್ನೇ ನೆಚ್ಚಿ ವಿರೋಚನ ಸಂತೃಪ್ತನಾಗಿ ಹೊರಟುಹೋಗುತ್ತಾನೆ, ದೇಹವೇ ಆತ್ಮವೆಂದು ಅಸುರರಿಗೆ ಸಾರುತ್ತಾನೆ. ಇಂದ್ರ ಮಾತ್ರ ಅರ್ಧದಾರಿಯಿಂದ ಮರಳಿ ಬರುತ್ತಾನೆ: ದೇಹ ಕುರುಡಾದರೆ ಈ ಆತ್ಮವೂ ಕುರುಡಾಗಬೇಕಲ್ಲ, ಇದರಲ್ಲಿ ನನಗೆ ಸಾರ್ಥಕ್ಯ ಕಾಣುವುದಿಲ್ಲ. ಮತ್ತೆ ಮೂವತ್ತೆರಡು ವರ್ಷ. ಕನಸಿನಲ್ಲಿ ಸಂಚರಿಸುವವನು ಆತ್ಮ ಎಂಬ ಉಪದೇಶ. ಕನಸಿನಲ್ಲೂ ಅಳು ಭಯಗಳಿವೆಯಲ್ಲ ಎಂದು ಇಂದ್ರ ಮರಳುತ್ತಾನೆ. ಮತ್ತೆ ಮೂವತ್ತೆರಡು ವರ್ಷ. ಗಾಢನಿದ್ರೆಯಲ್ಲಿ ನೆಮ್ಮದಿಯಾಗಿರುವವನು ಆತ್ಮ. ಅಲ್ಲಿ ತಾನು ಯಾರೆಂಬುದೇ ತನಗೆ ತಿಳಿಯದು, ನಾಶವಾದಂತೆಯೇ ಇರುತ್ತದೆ ಎಂದು ಇಂದ್ರ ಮತ್ತೂ ಒಪ್ಪುವುದಿಲ್ಲ. ಇನ್ನೈದು ವರ್ಷ ಸೇರಿ ನೂರ ಒಂದು ವರ್ಷವಾದ ಮೇಲೆ ಉಪದೇಶ ಪೂರ್ಣವಾಗುತ್ತದೆ. ಪ್ರಜಾಪತಿ ಯಾವ ಹಂತದಲ್ಲೂ ಇಂದ್ರನನ್ನು ಅಶ್ರದ್ಧನೆಂದು ಗದರಿಸುವುದಿಲ್ಲ. ನೀನು ಹೇಳಿದ್ದು ಸರಿಯೇ ಎಂದೇ ಮುಂದಿನ ಪಾಠಕ್ಕೆ ಕೂರಿಸಿಕೊಳ್ಳುತ್ತಾನೆ. ಉಪದೇಶವನ್ನು ಸಂದೇಹಿಸಿದವನೇ ಇಲ್ಲಿ ಒಳ್ಳೆಯ ಶಿಷ್ಯ.

ಎಚ್ಚರ, ಕನಸು, ನಿದ್ರೆ ಎಂಬ ಈ ಮೂರನ್ನೇ ಮಾಂಡೂಕ್ಯ ಉಪನಿಷತ್ತು ಹನ್ನೆರಡು ಮಂತ್ರಗಳಲ್ಲಿ ಹಿಡಿದಿಡುತ್ತದೆ. ಮೂರು ಅವಸ್ಥೆಗಳಿಗೂ ಹೊರಗೆ ನಾಲ್ಕನೆಯದೊಂದು ವಿಶೇಷ ಅವಸ್ಥೆಯಿದೆ, ಅದನ್ನು ಧ್ಯಾನದಿಂದ ಮುಟ್ಟಬೇಕು ಎಂದು ಹಲವರು 'ತುರೀಯ'ವನ್ನು ತಿಳಿಯುವುದುಂಟು. ಮಂತ್ರದ ವರ್ಣನೆ ಬಹುಪಾಲು ನಿಷೇಧದಲ್ಲಿದೆ: ಒಳಗಿನದನ್ನು ಅರಿಯುವಂಥದ್ದಲ್ಲ, ಹೊರಗಿನದನ್ನು ಅರಿಯುವಂಥದ್ದಲ್ಲ, ಕಾಣುವಂಥದ್ದಲ್ಲ, ವ್ಯವಹಾರಕ್ಕೆ ಸಿಗುವಂಥದ್ದಲ್ಲ. ಬಂದು ಹೋಗುವ ಮೂರು ಅವಸ್ಥೆಗಳಲ್ಲೂ ಬಾರದೆ ಹೋಗದೆ ಇರುವುದು ಯಾವುದೋ ಅದಕ್ಕೆ ಲೆಕ್ಕದ ಅನುಕೂಲಕ್ಕಾಗಿ ನಾಲ್ಕನೆಯದು ಎಂದಿದ್ದಾರೆ. ಗೌಡಪಾದರು ಇದರ ಮೇಲೆ ಬರೆದ ಕಾರಿಕೆಗಳು, ಎಂದರೆ ವಿವರಣೆಯ ಶ್ಲೋಕಗಳು, ನಾಲ್ಕು ಪ್ರಕರಣಗಳಲ್ಲಿ ಹಬ್ಬಿ, ಯಾವುದೂ ನಿಜವಾಗಿ ಹುಟ್ಟಿಯೇ ಇಲ್ಲ ಎಂಬ ಅಜಾತಿವಾದಕ್ಕೆ ಹೋಗಿ ಮುಟ್ಟುತ್ತವೆ. ಲಯವಿಲ್ಲ, ಉತ್ಪತ್ತಿಯಿಲ್ಲ, ಬದ್ಧನಿಲ್ಲ, ಸಾಧಕನಿಲ್ಲ, ಮುಕ್ತನೂ ಇಲ್ಲ ಎಂಬ ಅವರ ಕಾರಿಕೆ ಅದ್ವೈತದ ಅತ್ಯಂತ ಕಡಿದಾದ ಮಾತು. ಮೊದಲ ಪಾಠವಾಗಿ ಓದತಕ್ಕದ್ದಲ್ಲ ಎಂದು ನನಗನ್ನಿಸುತ್ತದೆ.

ಗೌಡಪಾದರ ಪ್ರಶಿಷ್ಯರು, ಅಂದರೆ ಶಿಷ್ಯರ ಶಿಷ್ಯರು, ಎಂದು ಸಂಪ್ರದಾಯ ಹೇಳುವ ಶಂಕರರು ಕೇರಳದ ಕಾಲಡಿಯಲ್ಲಿ ಹುಟ್ಟಿದವರು. ಅವರ ಕಾಲ 788ರಿಂದ 820 ಎಂಬ ಲೆಕ್ಕ ಬಹುದಿನದಿಂದ ಚಾಲ್ತಿಯಲ್ಲಿದೆ. ಅದಕ್ಕಿಂತ ಹಿಂದೆ, ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಅವರನ್ನು ಇರಿಸುವ ವಿದ್ವಾಂಸರೂ ಹಲವರು. ಋಷಿಗಳು ಸಂವಾದದಲ್ಲಿ ಬಿಡಿಯಾಗಿ ಹೇಳಿದ್ದನ್ನು ಅವರು ಒಂದು ತರ್ಕದ ಹಂದರಕ್ಕೆ ತಂದರು. ಆ ಹಂದರದ ಬುನಾದಿ ಬ್ರಹ್ಮಸೂತ್ರ ಭಾಷ್ಯದ ಮುನ್ನುಡಿಯಾದ ಅಧ್ಯಾಸಭಾಷ್ಯ. ಅರಿಯುವವನೂ ಅರಿಯಲ್ಪಡುವ ವಸ್ತುವೂ ಕತ್ತಲೆ ಬೆಳಕುಗಳಂತೆ ಪರಸ್ಪರ ವಿರುದ್ಧ ಸ್ವಭಾವದವು. ಆದರೂ ಒಂದರ ಗುಣವನ್ನು ಇನ್ನೊಂದರ ಮೇಲೆ ಹೇರಿ 'ಇದು ನಾನು', 'ಇದು ನನ್ನದು' ಎನ್ನುವ ವ್ಯವಹಾರ ಎಲ್ಲರಲ್ಲೂ ಸಹಜವಾಗಿ ನಡೆದಿದೆ ಎಂದು ಅವರು ಆರಂಭಿಸುತ್ತಾರೆ. ನಾನು ದಪ್ಪಗಿದ್ದೇನೆ ಎನ್ನುವಾಗ ದೇಹದ ಗುಣ, ನಾನು ಕುರುಡ ಎನ್ನುವಾಗ ಇಂದ್ರಿಯದ ಗುಣ, ನನಗೆ ಸಂಶಯವಾಗಿದೆ ಎನ್ನುವಾಗ ಮನಸ್ಸಿನ ಗುಣ ನನ್ನ ಮೇಲೆ ಬಂದು ಕೂರುತ್ತದೆ. ಹೆಂಡತಿ ಮಕ್ಕಳು ಸುಖವಾಗಿದ್ದರೆ ನಾನೇ ಸುಖಿ, ಅವರಿಗೆ ಕುಂದಾದರೆ ನನಗೇ ಕುಂದು ಎನ್ನುವುದನ್ನೂ ಅವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಈ ಹೇರಿಕೆಯೇ ಅವಿದ್ಯೆ, ಇದನ್ನು ವಿಂಗಡಿಸಿ ವಸ್ತುವಿನ ಸ್ವರೂಪವನ್ನು ನಿಶ್ಚಯಿಸುವುದೇ ವಿದ್ಯೆ.

ಬಂಧನ ತಪ್ಪು ತಿಳಿವಳಿಕೆಯಿಂದ ಆಗಿದ್ದರೆ ಅದನ್ನು ಬಿಡಿಸಬೇಕಾದ್ದು ಸರಿಯಾದ ತಿಳಿವಳಿಕೆಯೇ ಹೊರತು ಯಾವ ಕ್ರಿಯೆಯೂ ಅಲ್ಲ. ಶಂಕರರ ವಾದದಲ್ಲಿ ಇದು ಬಹಳ ಮುಖ್ಯವಾದ ಕೊಂಡಿ. ಕರ್ಮದಿಂದ ನಾಲ್ಕು ಬಗೆಯ ಫಲ ಸಾಧ್ಯ: ಇಲ್ಲದ್ದನ್ನು ಹುಟ್ಟಿಸಬಹುದು, ಇದ್ದದ್ದನ್ನು ಬದಲಾಯಿಸಬಹುದು, ದೂರವಿದ್ದದ್ದನ್ನು ಪಡೆಯಬಹುದು, ಕೊಳೆಯಾದದ್ದನ್ನು ಶುದ್ಧ ಮಾಡಬಹುದು. ಮೋಕ್ಷ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಹುಟ್ಟಿಸಿದ್ದಾದರೆ ಒಂದು ದಿನ ನಾಶವಾಗುತ್ತದೆ. ತನ್ನ ಸ್ವರೂಪವೇ ಆದದ್ದನ್ನು ದೂರದಿಂದ ಪಡೆಯುವ ಪ್ರಶ್ನೆಯೇ ಇಲ್ಲ. ಮಾಡುವುದು, ಬಿಡುವುದು, ಬೇರೆ ರೀತಿ ಮಾಡುವುದು ಮನುಷ್ಯನ ಇಚ್ಛೆಗೆ ಒಳಪಟ್ಟದ್ದು, ಆದರೆ ಜ್ಞಾನ ವಸ್ತುವಿಗೆ ಅಧೀನ ಎಂದು ಅವರು ಒತ್ತಿ ಹೇಳುತ್ತಾರೆ. ಕಂಬವನ್ನು ಕಂಬವೆಂದು ತಿಳಿಯುವುದು ನನ್ನ ಇಷ್ಟಾನಿಷ್ಟದ ಮೇಲೆ ನಿಂತಿಲ್ಲ. ಹಾಗೆಂದು ಸಾಧನೆ ಬೇಡವೆಂದಲ್ಲ. ನಿತ್ಯ ಅನಿತ್ಯಗಳ ವಿವೇಕ, ಇಹಪರಗಳ ಭೋಗದಲ್ಲಿ ವಿರಕ್ತಿ, ಮನಸ್ಸು ಇಂದ್ರಿಯಗಳ ಹಿಡಿತವೇ ಮೊದಲಾದ ಶಮದಮಾದಿಗಳು, ಬಿಡುಗಡೆಯ ಹಂಬಲ ಎಂಬ ಸಾಧನಚತುಷ್ಟಯವಿಲ್ಲದವನಿಗೆ ಈ ವಿಚಾರ ಹತ್ತುವುದಿಲ್ಲ ಎಂಬುದೇ ಅವರ ನಿಲುವು. ಕರ್ಮ, ಉಪಾಸನೆಗಳು ಚಿತ್ತವನ್ನು ಹದಗೊಳಿಸುತ್ತವೆ. ಹದವಾದ ಚಿತ್ತಕ್ಕೆ ಶ್ರವಣ, ಮನನ, ನಿದಿಧ್ಯಾಸನ: ಗುರುವಿನಿಂದ ಕೇಳುವುದು, ಕೇಳಿದ್ದನ್ನು ವಿಚಾರಿಸುವುದು, ಅದರಲ್ಲೇ ನೆಲೆನಿಲ್ಲುವುದು.

ಇನ್ನು ಮಿಥ್ಯೆಯ ಮಾತು. ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡವನ ಹಳೆಯ ದೃಷ್ಟಾಂತವನ್ನೇ ತೆಗೆದುಕೊಂಡರೆ, ಆ ಹಾವು ಮೊಲದ ಕೊಂಬಿನಂತೆ ಪೂರ್ತಿ ಇಲ್ಲದ್ದಲ್ಲ, ಏಕೆಂದರೆ ಅದು ಕಂಡಿತು, ಮೈ ಬೆವರಿತು, ಕಾಲು ಹಿಂದೆ ಸರಿಯಿತು. ನಿಜವಾಗಿ ಇದ್ದದ್ದೂ ಅಲ್ಲ, ಏಕೆಂದರೆ ದೀಪ ತಂದಾಗ ಅದು ಎಲ್ಲಿಗೂ ಓಡಿಹೋಗಲಿಲ್ಲ. ಇದೆ ಎನ್ನಲೂ ಬಾರದ, ಇಲ್ಲ ಎನ್ನಲೂ ಬಾರದ ಈ ನೆಲೆಯನ್ನು ಪರಂಪರೆ ಅನಿರ್ವಚನೀಯ ಎನ್ನುತ್ತದೆ, ಮತ್ತು ಸತ್ತೆಯಲ್ಲಿ ಮೂರು ನೆಲೆಗಳನ್ನು ಗುರುತಿಸುತ್ತದೆ: ಹಗ್ಗದ ಹಾವಿನದು ಪ್ರಾತಿಭಾಸಿಕ, ನಾವು ಬಾಳುವ ಜಗತ್ತಿನದು ವ್ಯಾವಹಾರಿಕ, ಬ್ರಹ್ಮದ್ದು ಪಾರಮಾರ್ಥಿಕ. ಜಗತ್ತು ಬರಿಯ ಮನಸ್ಸಿನ ಕಲ್ಪನೆ ಎಂದು ಶಂಕರರು ಹೇಳಿದರೆಂಬುದು ಬಹಳ ವ್ಯಾಪಕವಾದ ತಪ್ಪು ಗ್ರಹಿಕೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಅರಿವೊಂದೇ ಇರುವುದು, ಹೊರಗೆ ವಸ್ತುಗಳಿಲ್ಲ ಎನ್ನುವ ಬೌದ್ಧ ವಿಜ್ಞಾನವಾದವನ್ನು ಖಂಡಿಸುವಾಗ ಅವರು, ಹೊರಗಿನ ವಸ್ತುಗಳು ಅನುಭವಕ್ಕೆ ಬರುತ್ತಿರುವುದರಿಂದ ಅವಿಲ್ಲವೆನ್ನಲಾಗದು, ಎಚ್ಚರದ ಅನುಭವ ಕನಸಿನಂತಲ್ಲ ಎಂದು ಖಚಿತವಾಗಿ ವಾದಿಸುತ್ತಾರೆ. ಕನಸು ಎಚ್ಚರಗಳನ್ನು ಸಮವಾಗಿ ತೂಗಿದ ಗೌಡಪಾದರ ಪ್ರಶಿಷ್ಯರ ಬಾಯಲ್ಲಿ ಈ ಮಾತು ಕೇಳಿದಾಗ ಮೊದಲಿಗೆ ಅಚ್ಚರಿಯಾಗುತ್ತದೆ. ಯಾವ ನೆಲೆಯಲ್ಲಿ ನಿಂತು ಯಾರೊಡನೆ ಮಾತಾಡುತ್ತಿದ್ದಾರೆಂಬುದನ್ನು ನೋಡಿದರೆ ಅಚ್ಚರಿ ಇಳಿಯುತ್ತದೆ. ಮೊದಲು ಒಂದನ್ನು ಆರೋಪಿಸಿ ಆಮೇಲೆ ಅದನ್ನು ತೆಗೆದುಹಾಕುವ ಅಧ್ಯಾರೋಪಾಪವಾದವೆಂಬ ಕ್ರಮವನ್ನು ಸಂಪ್ರದಾಯವೇ ಒಪ್ಪಿದೆ. ಸೃಷ್ಟಿ ಹೀಗಾಯಿತು ಎಂದು ಒಂದೆಡೆ ಹೇಳಿ, ಸೃಷ್ಟಿಯೇ ಆಗಿಲ್ಲ ಎಂದು ಇನ್ನೊಂದೆಡೆ ಹೇಳುವುದು ಆ ಕ್ರಮದಿಂದಲೇ.

ಈ ಕಟ್ಟಡದ ಮೇಲೆ ಬಿದ್ದ ಅತ್ಯಂತ ಬಲವಾದ ಹೊಡೆತ ಅವಿದ್ಯೆಯನ್ನು ಕುರಿತದ್ದು. ಬ್ರಹ್ಮವೊಂದೇ ಇರುವುದಾದರೆ ಈ ಅವಿದ್ಯೆ ಯಾರದು? ಬ್ರಹ್ಮದ್ದೆಂದರೆ ಜ್ಞಾನಸ್ವರೂಪಕ್ಕೆ ಅಜ್ಞಾನ ಅಂಟಿದಂತಾಯಿತು. ಜೀವನದ್ದೆಂದರೆ ಜೀವನೇ ಅವಿದ್ಯೆಯಿಂದ ಆದವನು. ಬ್ರಹ್ಮಸೂತ್ರಕ್ಕೆ ತಾವು ಬರೆದ ಶ್ರೀಭಾಷ್ಯದಲ್ಲಿ ರಾಮಾನುಜರು ಎತ್ತಿದ ಏಳು ಅನುಪಪತ್ತಿಗಳಲ್ಲಿ, ಅಂದರೆ ಹೊಂದದ ಅಂಶಗಳಲ್ಲಿ, ಇದು ಮೊದಲನೆಯದು. ಅದ್ವೈತಿಗಳೇ ಇಲ್ಲಿ ಎರಡು ಪಂಗಡವಾದರು: ವಾಚಸ್ಪತಿ ಮಿಶ್ರರ ಭಾಮತೀ ಪ್ರಸ್ಥಾನ (ವ್ಯಾಖ್ಯಾನದ ಪಂಥ) ಅವಿದ್ಯೆಗೆ ಜೀವನೇ ಆಶ್ರಯವೆಂದಿತು, ಪ್ರಕಾಶಾತ್ಮರ ವಿವರಣ ಪ್ರಸ್ಥಾನ ಬ್ರಹ್ಮವೇ ಆಶ್ರಯವೆಂದಿತು. ನಮ್ಮ ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು, ಜಗತ್ತಿಗೆ ಕಾರಣವಾದ ಮೂಲಾವಿದ್ಯೆಯೆಂಬ ವಸ್ತುವನ್ನು ಕಲ್ಪಿಸಿದ್ದೇ ಶಂಕರರ ನಂತರದ ವ್ಯಾಖ್ಯಾನಕಾರರ ಕೆಲಸ, ಮೂಲಭಾಷ್ಯದಲ್ಲಿ ಅವಿದ್ಯೆಯೆಂದರೆ ಅಧ್ಯಾಸವಷ್ಟೇ ಎಂದು ಜೀವಮಾನವಿಡೀ ವಾದಿಸಿದರು. ಅವರ ವಾದವನ್ನು ಒಪ್ಪದ ವಿದ್ವಾಂಸರು ಹಲವರಿದ್ದಾರೆ, ಆದರೆ ಅವರು ಓದುಗರನ್ನು ಮೂಲಭಾಷ್ಯಕ್ಕೆ ಮರಳಿಸಿದ ರೀತಿಗೆ ಕನ್ನಡಿಗರು ಋಣಿಗಳಾಗಿರಬೇಕು.

ಮೂಲಭಾಷ್ಯಕ್ಕೆ ಮರಳಿದರೆ ಅಲ್ಲಿ ಶಂಕರರ ಉತ್ತರ ಈ ಎಲ್ಲ ಚರ್ಚೆಗಿಂತ ಚಿಕ್ಕದಾಗಿದೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಎದುರಾಳಿ ಕೇಳುತ್ತಾನೆ: ಹಾಗಾದರೆ ಈ ಅಜ್ಞಾನ ಯಾರಿಗೆ? ಕೇಳುತ್ತಿರುವ ನಿನಗೆ ಎನ್ನುತ್ತಾರೆ ಶಂಕರರು. ನಾನು ಈಶ್ವರನೇ ಎಂದು ಶ್ರುತಿ ಹೇಳುತ್ತದಲ್ಲ ಎಂದು ಅವನು ತಿರುಗಿ ಹಾಕಿದರೆ, ಅದು ನಿನಗೆ ತಿಳಿದಿದ್ದರೆ ಯಾರಿಗೂ ಅಜ್ಞಾನವಿಲ್ಲ ಎಂಬ ಉತ್ತರ ಬರುತ್ತದೆ. ಗೀತೆಯ ಹದಿಮೂರನೆಯ ಅಧ್ಯಾಯದ ಭಾಷ್ಯದಲ್ಲೂ ಇದೇ ಸಂವಾದ ಇನ್ನಷ್ಟು ಉದ್ದವಾಗಿ ನಡೆಯುತ್ತದೆ: ಅವಿದ್ಯೆ ಯಾರಿಗೆ ಕಾಣುತ್ತಿದೆಯೋ ಅವನಿಗೆ. ತರ್ಕಶಾಸ್ತ್ರದ ಕಣ್ಣಿನಿಂದ ಇದು ಪೂರ್ಣ ಸಮಾಧಾನವಲ್ಲವೆಂದು ಯಾರಾದರೂ ಹೇಳಿದರೆ ನಾನು ಜಗಳವಾಡಲಾರೆ. ಆದರೆ ಉಷಸ್ತನಿಗೆ ಯಾಜ್ಞವಲ್ಕ್ಯ ಕೊಟ್ಟ ಉತ್ತರದ ಜಾತಿಯೇ ಇದು. ಅವಿದ್ಯೆಯನ್ನು ದೂರದಲ್ಲಿಟ್ಟು ಅದರ ವಿಳಾಸ ಹುಡುಕುವವನಿಗೆ, ಅದು ಗೊತ್ತಾಗುತ್ತಿರುವುದು ಎಲ್ಲಿ ಎಂಬುದನ್ನು ನೋಡು ಎಂಬ ಸೂಚನೆ.

ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಅದೇ ಸೂಚನೆಯನ್ನು ರಮಣ ಮಹರ್ಷಿಗಳು ಬೋಧನೆಯ ಕೇಂದ್ರಕ್ಕೇ ತಂದರು. 1879ರಲ್ಲಿ ತಿರುಚ್ಚುಳಿಯಲ್ಲಿ ಹುಟ್ಟಿದ ವೆಂಕಟರಾಮನ್ 1896ರಲ್ಲಿ, ಹದಿನಾರರ ಹರೆಯದಲ್ಲಿ, ಮಧುರೆಯ ಮನೆಯಲ್ಲಿ ಹಠಾತ್ತಾಗಿ ಆವರಿಸಿದ ಮರಣಭಯವನ್ನು ಎದುರಿಸಿ, ಸಾಯುವುದು ದೇಹವಾದರೆ ನಾನು ಯಾರು ಎಂದು ಒಳಗೇ ವಿಚಾರಿಸಿಕೊಂಡ. ವೇದಾಂತ ಗ್ರಂಥಗಳ ಪರಿಚಯವಾದದ್ದು ಆಮೇಲೆ. ಕೆಲವು ವಾರಗಳಲ್ಲೇ ತಿರುವಣ್ಣಾಮಲೆಗೆ ಹೋದವರು 1950ರವರೆಗೂ ಅರುಣಾಚಲವನ್ನು ಬಿಟ್ಟು ಕದಲಲಿಲ್ಲ. ಅವರ ಬೋಧನೆಯಲ್ಲಿ ಒಂದು ಯೋಚನೆ ಎದ್ದಾಗ ಅದನ್ನು ಹಿಂಬಾಲಿಸದೆ, ಒತ್ತಿ ಹಿಡಿಯದೆ, ಇದು ಯಾರಿಗೆ ಎದ್ದಿತು ಎಂದು ಕೇಳಿಕೊಳ್ಳಬೇಕು. ನನಗೆ ಎಂಬ ಉತ್ತರ ಬಂದಾಗ ಆ ನಾನು ಯಾರು ಎಂದು ಅದರ ಮೂಲವನ್ನು ಹಿಡಿಯಬೇಕು. ಇಲ್ಲಿ ನಾನು ಬ್ರಹ್ಮ ಎಂಬ ಉತ್ತರವನ್ನು ಮನಸ್ಸಿನಲ್ಲಿ ಜಪಿಸುವುದಲ್ಲ, ಏಕೆಂದರೆ ಅದೂ ಇನ್ನೊಂದು ಯೋಚನೆಯೇ. 'ಅಹಂ ಬ್ರಹ್ಮಾಸ್ಮಿ' ಎಂಬುದು ಅಹಂಕಾರದ ಘೋಷಣೆಯೆಂದು ಹೀಗಳೆಯುವವರೂ, ಅದನ್ನು ಹೇಳಿಕೊಂಡು ಬೀಗುವವರೂ ತಪ್ಪುವುದು ಒಂದೇ ಜಾಗದಲ್ಲಿ: ಬ್ರಹ್ಮವಾಗುವುದು ಹೆಸರು, ಕುಲ, ವಯಸ್ಸುಗಳಿರುವ ವ್ಯಕ್ತಿಯಲ್ಲ, ಆ ವ್ಯಕ್ತಿತ್ವ ಯಾವ ಅರಿವಿನಲ್ಲಿ ತೋರುತ್ತಿದೆಯೋ ಅದು.

ಅರಿತ ಮೇಲೆ ಏನಾಗುತ್ತದೆ ಎಂಬುದರಲ್ಲಿ ಪರಂಪರೆಯೊಳಗೆ ಒಂದೇ ದನಿ ಇಲ್ಲ. ಅವಿದ್ಯೆ ಹೋದೊಡನೆ ದೇಹವೂ ಬೀಳಬೇಕಲ್ಲ ಎಂಬ ಆಕ್ಷೇಪಕ್ಕೆ ಶಂಕರರು, ಈಗಾಗಲೇ ಫಲ ಕೊಡಲು ತೊಡಗಿದ ಪ್ರಾರಬ್ಧ ಕರ್ಮ ಬಿಟ್ಟ ಬಾಣದಂತೆ ವೇಗ ತೀರುವವರೆಗೆ ಸಾಗುತ್ತದೆ ಎನ್ನುತ್ತಾರೆ. ಅಷ್ಟಕ್ಕೂ ಒಬ್ಬನು ತನ್ನ ಹೃದಯದಲ್ಲಿ ಬ್ರಹ್ಮವನ್ನು ಅರಿತೂ ದೇಹ ಧರಿಸಿರುವುದನ್ನು ಇನ್ನೊಬ್ಬನು ಅಲ್ಲಗಳೆಯುವುದು ಹೇಗೆ ಎಂಬ ಅವರ ಮರುಪ್ರಶ್ನೆ, ಆ ಕಟ್ಟುನಿಟ್ಟಾದ ಭಾಷ್ಯದಲ್ಲಿ ಅಪರೂಪಕ್ಕೆ ಕೇಳಿಸುವ ಆಪ್ತ ದನಿ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು ಮಾತ್ರ ಅಷ್ಟಕ್ಕೇ ಬಿಡುವುದಿಲ್ಲ. ಜೀವನ್ಮುಕ್ತಿವಿವೇಕದಲ್ಲಿ ಅವರು ತತ್ತ್ವಜ್ಞಾನದ ಜೊತೆಗೆ ವಾಸನಾಕ್ಷಯ (ಹಳೆಯ ಸಂಸ್ಕಾರಗಳು ಸವೆಯುವುದು), ಮನೋನಾಶ (ಮನಸ್ಸಿನ ಅಲೆದಾಟ ಅಡಗುವುದು) ಇವೂ ಬೇಕೆಂದು ವಾದಿಸಿ, ಅವಿಲ್ಲದೆ ಜ್ಞಾನ ಇದ್ದರೂ ಬದುಕಿರುವಾಗಲೇ ಸಿಗಬೇಕಾದ ನೆಮ್ಮದಿ ಸಿಗದು ಎನ್ನುತ್ತಾರೆ. ಅದಕ್ಕೆ ಅವರು ಕೊಡುವ ಉದಾಹರಣೆ ಬೇರೆ ಯಾರೂ ಅಲ್ಲ, ಜನಕನ ಸಭೆಯ ಯಾಜ್ಞವಲ್ಕ್ಯನೇ: ತತ್ತ್ವವನ್ನು ಅರಿತಿದ್ದರೂ ಗೆಲ್ಲುವ ಹಟದಿಂದ ವಾದಕ್ಕಿಳಿದವನು, ಎದುರುವಾದಿ ಶಾಕಲ್ಯನ ತಲೆ ಉರುಳುವವರೆಗೆ ಹೋದವನು, ಚಿತ್ತದ ವಿಶ್ರಾಂತಿಗಾಗಿ ಮುಂದೆ ಹೆಂಡತಿ ಮೈತ್ರೇಯಿಗೆ ಹೇಳಿ ಮನೆ ಬಿಟ್ಟು ಸಂನ್ಯಾಸಕ್ಕೆ ಹೊರಡಬೇಕಾಯಿತು.